ಹದಿನಾಲ್ಕು ಶಿಶುಗಳು ಮತ್ತು ಒಂದು ಬಿಳಿ ಚಾದರ

ನಿಮ್ಮ ಮನೆಯಲ್ಲೂ ಇಂಥದೊಂದು ಡಬ್ಬಿ ಇದ್ದೀತು. ಮುಚ್ಚಳದ ಮೇಲೆ ಬಿಸ್ಕತ್ತಿನ ಚಿತ್ರ, ಒಳಗೆ ಬಿಸ್ಕತ್ತೊಂದು ಬಿಟ್ಟು ಬಾಕಿ ಎಲ್ಲ. ಸೌದಿಯ ಯಾನ್ಬುವಿನ ನಮ್ಮ ಮನೆಯ ಡಬ್ಬಿಯಲ್ಲಿ ಸೂಜಿದಾರ, ಯಾವ ಮೊಬೈಲಿಗೂ ಹೊಂದದ ಚಾರ್ಜರಿನ ತುದಿಗಳು, ಅವಧಿ ಮುಗಿದ ಇಕಾಮಾ ಎಂಬ ವಾಸದ ಪರವಾನಗಿಯ ಜೆರಾಕ್ಸು, ಎಲ್ಲಕ್ಕಿಂತ ತಳದಲ್ಲಿ ಹದಿನಾಲ್ಕು ಶಿಶುಗಳು. ಗಾಬರಿಯಾಗಬೇಡಿ, ಫೋಟೊಗಳು. ಪಾಸ್‌ಪೋರ್ಟ್ ಅಳತೆಯವು.

ಆ ಡಬ್ಬಿಯನ್ನು ನಾನು ಮೊನ್ನೆ ತೆಗೆದದ್ದು ಮಗಳು ಫಿದಾಳ ಕಾಟಕ್ಕೆ. ಹನ್ನೆರಡನೆಯ ಕ್ಲಾಸಿನವರಿಗೆ ಶಾಲೆಯಲ್ಲಿ ಬೀಳ್ಕೊಡುಗೆಯಂತೆ. ಎಲ್ಲರೂ ತಾವು ಹುಟ್ಟಿದಾಗಿನ ಫೋಟೊ ತಂದು ಬೋರ್ಡಿಗೆ ಅಂಟಿಸುವುದಂತೆ, ಕೆಳಗಿನ ಕ್ಲಾಸಿನವರು ಯಾರು ಯಾರೆಂದು ಗುರುತು ಹಿಡಿಯುವುದಂತೆ.

"ಗುರುವಾರ ಲಾಸ್ಟ್ ಡೇಟ್, ಮಮ್ಮಿ. ನನ್ನ ಬೇಬಿ ಫೋಟೊ ಕೊಡಿ" ಅಂದಳು.

"ಅದಕ್ಕೆಂತ, ಈಗ ಕೊಡ್ತೇನೆ" ಎಂದು ಬಲು ಠೀವಿಯಿಂದ ಡಬ್ಬಿ ತಂದೆ. ಹದಿನಾಲ್ಕನ್ನೂ ಊಟದ ಮೇಜಿನ ಮೇಲೆ ಸಾಲಾಗಿ ಜೋಡಿಸಿದೆ. ಜೋಡಿಸಿ ಕಣ್ಣುಕಣ್ಣು ಬಿಟ್ಟೆ. ಎಲ್ಲವೂ ಬೋಳುತಲೆ, ಎಲ್ಲವೂ ಊದಿದ ಕೆನ್ನೆ, ಎಲ್ಲವುಗಳ ಹಿಂದೆಯೂ ಅದೇ ಬಿಳಿ ಬಟ್ಟೆ. ಇವುಗಳಲ್ಲಿ ಒಂದು ನಾನೇ ಹೆತ್ತದ್ದು. ಯಾವುದು?

"ಇದು" ಅಂದೆ, ಬಲಗಡೆಯಿಂದ ಮೂರನೆಯದನ್ನು ತೋರಿಸಿ. ಫಿದಾ ಅದನ್ನು ಬೆಳಕಿಗೆ ಹಿಡಿದು, "ಇದು ಹುಡುಗ ಅಲ್ವಾ?" ಅಂದಳು. "ಹಾಗಾದ್ರೆ ಇದು." ಅದರ ಕಿವಿ ನಮ್ಮ ವಂಶದಲ್ಲಿ ಯಾರಿಗೂ ಇಲ್ಲದ ಕಿವಿ. ಮಗಳು ನನ್ನನ್ನು ನೋಡಿದ ನೋಟ ಹೇಗಿತ್ತೆಂದು ನಾನು ಬರೆಯುವುದಿಲ್ಲ.

ಬೇರೆ ಫೋಟೊ ಇರಲಿಲ್ಲವೇ ಎಂದು ನೀವು ಕೇಳಬಹುದು. ಇದ್ದವು. ಆ ಕಾಲದ ಮೊಬೈಲು ಕೆಟ್ಟಾಗ ಅದರ ಜೊತೆಗೇ ಹೋದವು. ಮೊದಲ ಪಾಸ್‌ಪೋರ್ಟಿನಲ್ಲಿ ಇರಬೇಕಲ್ಲ? ಇತ್ತು. ಮನೆ ಬದಲಿಸಿದಾಗ ಹಳೆಯ ಪಾಸ್‌ಪೋರ್ಟುಗಳ ಕಟ್ಟನ್ನು ನಾನು ಇಟ್ಟದ್ದೆಂದು ಇವರು ಹೇಳುತ್ತಾರೆ, ಇವರೇ ಇಟ್ಟದ್ದೆಂದು ನಾನು ಹೇಳುತ್ತೇನೆ. ಕಟ್ಟು ಮಾತ್ರ ಇನ್ನೂ ಸಿಕ್ಕಿಲ್ಲ.

ಇನ್ನು ಬೇರೆಯವರ ಮಕ್ಕಳ ಫೋಟೊ ನನ್ನ ಡಬ್ಬಿಗೆ ಹೇಗೆ ಬಂತೆಂದರೆ, ಅದು ಆ ಬಿಳಿ ಚಾದರದ ಕತೆ. ಇಲ್ಲಿ ಹುಟ್ಟಿದ ಮಗುವಿಗೆ ಒಂದೂವರೆ ತಿಂಗಳಾಗುವ ಮೊದಲೇ ಪಾಸ್‌ಪೋರ್ಟಿನ ಓಡಾಟ ಶುರು. ಫೋಟೊಕ್ಕೆ ಇರುವ ಕಟ್ಟಳೆಗಳನ್ನು ಮಾಡಿದವರು ಶಿಶುವನ್ನು ಹತ್ತಿರದಿಂದ ನೋಡಿರಲಾರರು. ಹಿಂದೆ ಬರೀ ಬಿಳಿ ಇರಬೇಕು. ಕಣ್ಣು ತೆರೆದಿರಬೇಕು, ಬಾಯಿ ಮುಚ್ಚಿರಬೇಕು, ಎರಡು ಕಿವಿಯೂ ಕಾಣಬೇಕು, ತಲೆ ನೆಟ್ಟಗಿರಬೇಕು. ಕುತ್ತಿಗೆಯೇ ನಿಲ್ಲದ ಮಗುವಿನ ತಲೆ ನೆಟ್ಟಗೆ ನಿಲ್ಲುವುದು ಹೇಗೆ? ಯಾರಾದರೂ ಹಿಡಿದುಕೊಳ್ಳಬೇಕು. ಆದರೆ ಹಿಡಿದವರ ಕೈ ಕಾಣಬಾರದು. ಅದಕ್ಕೆ ನಮ್ಮವರು ಕಂಡುಕೊಂಡ ಉಪಾಯ ಇಷ್ಟು: ತಾಯಿಯನ್ನು ಕುರ್ಚಿಯಲ್ಲಿ ಕೂರಿಸುವುದು, ತಲೆಯಿಂದ ಪಾದದವರೆಗೆ ಬಿಳಿ ಚಾದರ ಹೊದಿಸುವುದು, ಅವಳ ಮಡಿಲಲ್ಲಿ ಮಗುವನ್ನು ಕೂರಿಸುವುದು. ಚಾದರದ ಒಳಗಿನಿಂದಲೇ ಅವಳು ಮಗುವಿನ ಕುತ್ತಿಗೆಗೆ ಕೈ ಕೊಡುತ್ತಾಳೆ. ಫೋಟೊದಲ್ಲಿ ಮಗು ಕಾಣುತ್ತದೆ, ತಾಯಿ ಗೋಡೆಯಾಗುತ್ತಾಳೆ.

ಫಿದಾ ಹುಟ್ಟಿದಾಗ ನಾನು ಹೀಗೆ ಕೂತದ್ದು ಬಜಾರಿನ ಒಂದು ಸ್ಟುಡಿಯೊದಲ್ಲಿ. ಚಾದರ ನಮ್ಮದೇ, ಮದುವೆಗೆ ಯಾರೋ ಉಡುಗೊರೆ ಕೊಟ್ಟದ್ದು. ಹೊರಗಿನಿಂದ ಇವರು "ಸ್ವಲ್ಪ ಎಡಕ್ಕೆ, ಸ್ವಲ್ಪ ಮೇಲಕ್ಕೆ" ಎನ್ನುತ್ತಿದ್ದರು. ಯಾರ ಎಡ ಎಂದು ನನಗೆ ತಿಳಿಯುತ್ತಿರಲಿಲ್ಲ. ಬಟ್ಟೆಯೊಳಗೆ ನನ್ನದೇ ಉಸಿರು ಮುಖಕ್ಕೆ ಬಡಿಯುತ್ತಿತ್ತು. ಆಚೆ ಲೈಟು ಮಿಂಚಿದಾಗ ಎಲ್ಲ ಕೆಂಪಾಗಿ ಕಂಡಿತು. ನಿಜ ಹೇಳಲೇ? ನನಗೆ ಅಲ್ಲಿ ಹಾಯೆನಿಸಿತ್ತು. ಯಾರೂ ನನ್ನನ್ನು ನೋಡುವುದಿಲ್ಲ ಎಂಬ ಸುಖ. ಹೆರಿಗೆಯಾದ ಮೇಲೆ ಕನ್ನಡಿಯೆದುರು ನಿಂತರೆ ಅಲ್ಲಿ ಬೇರೆ ಯಾರೋ ಹೆಂಗಸು ನಿಂತಿರುತ್ತಿದ್ದಳು, ಅವಳ ಪರಿಚಯ ಮಾಡಿಕೊಳ್ಳಲು ನನಗೆ ಮನಸ್ಸಿರಲಿಲ್ಲ. ಯಾರಾದರೂ ಮೊಬೈಲು ಎತ್ತಿದರೆ ಮಗುವನ್ನು ಮುಂದೆ ಹಿಡಿದು ಅದರ ಹಿಂದೆ ಅಡಗುತ್ತಿದ್ದೆ. ಮೂರು ಕಿಲೊದ ಮಗುವಿನ ಹಿಂದೆ ನಾನು ಹೇಗೆ ಅಡಗಿದೆನೋ, ಆ ಲೆಕ್ಕಾಚಾರ ಇಂದಿಗೂ ಅರ್ಥವಾಗಿಲ್ಲ.

ಆಮೇಲೆ ಆ ಚಾದರ ಊರಿಗೆಲ್ಲ ಬೇಕಾಯಿತು. ಊರು ಎಂದರೆ ಇಲ್ಲಿಯ ನಮ್ಮವರ ಹತ್ತಿಪ್ಪತ್ತು ಮನೆಗಳು. ಯಾರಿಗೆ ಹೆರಿಗೆಯಾದರೂ "ಮೈಮೂನಾ ಆಂಟಿಯ ಹತ್ತಿರ ಚಾದರ ಉಂಟು" ಎಂದು ಫೋನು. ಚಾದರದ ಜೊತೆ ನಾನೂ ಹೋಗತೊಡಗಿದೆ. ಸ್ಟುಡಿಯೊ ಹೋಗಿ ಮೊಬೈಲು ಬಂದ ಮೇಲೆ ಫೋಟೊ ತೆಗೆಯುವವಳೂ ನಾನೇ ಆದೆ. ಮಗುವಿನ ಕಣ್ಣು ತೆರೆಸಲು ನಾನು ಗಂಟಲಿನಿಂದ ಹೊರಡಿಸುವ ಒಂದು ಸದ್ದಿಗೆ ಇಲ್ಲಿ ಹೆಸರಿದೆ. ಪ್ರಿಂಟು ಹಾಕಿಸಿದವರು ಪ್ರೀತಿಗೆ ಒಂದು ಪ್ರತಿ ನನಗೆ ಕೊಡುತ್ತಿದ್ದರು. ಹಿಂದೆ ಹೆಸರು ಬರೆದಿಟ್ಟುಕೊಂಡೆನೇ? ಒಂದೆರಡಕ್ಕೆ ಬರೆದೆ, ಆ ನುಣುಪು ಕಾಗದದ ಮೇಲೆ ಇಂಕು ನಿಲ್ಲದೆ ಒರಸಿಹೋಯಿತು. ಉಳಿದವನ್ನು ನೆನಪಿರುತ್ತದೆ ಬಿಡು ಎಂದು ಡಬ್ಬಿಗೆ ಹಾಕಿದೆ. ನನ್ನ ನೆನಪಿನ ಮೇಲೆ ನನಗಿದ್ದ ವಿಶ್ವಾಸ ನೋಡಿ.

ಹೀಗೆ ಹದಿನಾಲ್ಕು ಶಿಶುಗಳನ್ನು ಮುಂದಿಟ್ಟುಕೊಂಡು ತಲೆ ಕೆರೆದುಕೊಳ್ಳುತ್ತಿದ್ದ ದಿನವೇ ಮೇಲಿನ ಮಹಡಿಯ ಶಮೀನಾಳ ತಾಯಿಯ ಫೋನು ಬಂತು.

ಶಮೀನಾ ಕಾಪುವಿನವಳು, ಮದುವೆಯಾಗಿ ಬಂದು ವರ್ಷ ಎರಡಾಗಿಲ್ಲ. ಮೊದಲ ಹೆರಿಗೆ, ಗಂಡುಮಗು, ಆಗ ಮೂವತ್ತೈದು ದಿನ. ಅವಳ ತಾಯಿ ಜುಲೇಖಾಬಿ ಬಾಣಂತನಕ್ಕೆ ಬರಬೇಕಿತ್ತು. ಅವರ ಪಾಸ್‌ಪೋರ್ಟಿನಲ್ಲಿ ಹೆಸರಿನದೇನೋ ತಕರಾರು ಎದ್ದು ವಿಸಿಟ್ ವೀಸಾ ಆಗಲಿಲ್ಲ. ಹಾಗಾಗಿ ಮೆಂತೆ ಗಂಜಿ ಕಾಯಿಸಿ ಮೆಟ್ಟಿಲು ಹತ್ತುವ ಕೆಲಸ ನನ್ನದಾಯಿತು. ಗಂಜಿಗೆ ಬೆಲ್ಲ ಎಷ್ಟು, ತೆಂಗಿನಹಾಲು ಎಷ್ಟು ಎಂದು ಜುಲೇಖಾಬಿ ದಿನಾ ಕಾಪುವಿನಿಂದ ಅಪ್ಪಣೆ ಕೊಡುತ್ತಿದ್ದರು. ಅವರ ಮನೆಮಾತು ಉರ್ದು, ನನ್ನದು ಬ್ಯಾರಿ, ನಮ್ಮಿಬ್ಬರಿಗೆ ನಡುವೆ ಸಿಕ್ಕಿದ್ದು ಕನ್ನಡ. ಅವರು ರವಿಕೆ ಹೊಲಿದು ಮಕ್ಕಳನ್ನು ಸಾಕಿದವರು, ಮಾತು ಕತ್ತರಿಯ ಹಾಗೆ.

ಅಂದು ಅವರು ಬೆಲ್ಲದ ಮಾತು ಎತ್ತಲಿಲ್ಲ.

"ನೀವು ನನಗೆ ಸತ್ಯ ಹೇಳ್ಬೇಕು ಮೈಮೂನಾ. ನನ್ನ ಮಗಳಿಗೆ ಎಂತ ಆಗಿದೆ?"

"ಎಂತ ಆಗ್ಲಿಲ್ಲ ಅಮ್ಮ, ಹುಷಾರಿದ್ದಾಳೆ."

"ಹುಷಾರಿದ್ರೆ ಮುಖ ಯಾಕೆ ತೋರಿಸುದಿಲ್ಲ? ಮಗುವಿನ ಫೋಟೊ ದಿನಾ ಇಪ್ಪತ್ತು ಬರ್ತದೆ. ಮಗುವಿನ ಕಾಲು, ಮಗುವಿನ ಬೆರಳು, ಮಗುವಿನ ಟೊಪ್ಪಿ. ವೀಡಿಯೊದಲ್ಲಿ ಮಾತಾಡುವಾಗಲೂ ಕ್ಯಾಮೆರಾ ಮಗುವಿನ ಕಡೆಗೇ. ಒಂದು ತಿಂಗಳಾಯ್ತು ಮಾರಾಯ್ತಿ, ನಾನು ಅವಳ ಮುಖ ನೋಡದೆ. ನನಗೆ ರಾತ್ರಿ ನಿದ್ರೆ ಇಲ್ಲ."

"ದನಿ ಕೇಳ್ತೀರಲ್ಲ ಅಮ್ಮ."

"ದನಿಯನ್ನು ಯಾರೂ ಚಂದ ಮಾಡಿ ಮಾತಾಡಬಹುದು. ನಾನು ಅವಳ ತಾಯಿ, ನನಗೆ ಮುಖ ಬೇಕು" ಅಂದರು ಜುಲೇಖಾಬಿ. ಫೋನಿಟ್ಟ ಮೇಲೂ ಆ ಮಾತು ನನ್ನನ್ನು ಕೊರೆಯುತ್ತಲೇ ಇತ್ತು.

ಮರುದಿನ ಗಂಜಿಯ ಜೊತೆಗೆ ಉಪದೇಶವನ್ನೂ ಒಯ್ದೆ. "ಒಂದು ಫೋಟೊ ತೆಗೆಸಿಕೋ ಶಮೀನಾ. ಮಗುವನ್ನು ಎತ್ತಿಕೊಂಡು ಒಂದೇ ಒಂದು."

"ಈ ಮುಖದಲ್ಲಾ ಆಂಟಿ?" ಅಂದಳು ಶಮೀನಾ. ಮದುವೆಯ ಆಲ್ಬಂ ತೆಗೆದು ತೋರಿಸಿದಳು. ಅದರಲ್ಲಿ ನಿಜಕ್ಕೂ ಚೆಲುವೆ. "ಇದನ್ನು ನೋಡಿದವರು ಈಗ ನನ್ನನ್ನು ನೋಡಿದ್ರೆ ಎಂತ ಹೇಳಿಯಾರು?"

"ಸ್ವಲ್ಪ ಕಾಡಿಗೆ ಹಚ್ಚು, ಒಳ್ಳೆಯದೊಂದು ದುಪಟ್ಟಾ ಹಾಕು."

"ಆಮೇಲೆ ಅದು ಅತ್ತೆಮನೆಯ ಗ್ರೂಪಿಗೆ ಹೋಗ್ತದೆ. ಅಲ್ಲಿ ಮೂವತ್ತೆಂಟು ಜನ ಇದ್ದಾರೆ, ಎಲ್ಲ ಮಾವಂದಿರು, ಭಾವಂದಿರು. ನನಗೆ ಬೇಡಪ್ಪ."

ಅವಳು ಹೇಳುವುದು ಸರಿ. ತನ್ನ ಮುಖ ಎಲ್ಲಿಗೆ ಹೋಗಬೇಕು, ಎಲ್ಲಿಗೆ ಹೋಗಬಾರದು ಎಂದು ಹೇಳುವ ಹಕ್ಕು ಅವಳದ್ದೇ. "ತೆಗೆಯುವುದು ಬೇರೆ, ಕಳಿಸುವುದು ಬೇರೆ. ತಾಯಿಗೆ ಮಾತ್ರ ಕಳಿಸು" ಅಂದೆ.

ಅವಳು ಸ್ವಲ್ಪ ಹೊತ್ತು ಗಂಜಿಯಲ್ಲಿ ಚಮಚ ಆಡಿಸಿದಳು. ಮತ್ತೆ ಮೆಲ್ಲನೆ, "ಅಮ್ಮಿಗೇ ಕಳಿಸ್ಲಿಕ್ಕೆ ಆಗುದಿಲ್ಲ ಆಂಟಿ. ಅಮ್ಮಿ ನನ್ನ ಮುಖ ನೋಡಿದ್ರೆ ನಾನು ದಿನಾ ಅಳುವುದು ಗೊತ್ತಾಗ್ತದೆ. ಯಾಕೆ ಅಳ್ತೇನೆ ಅಂತ ಕೇಳ್ತಾರೆ. ಯಾಕೆ ಅಂತ ನನಗೇ ಗೊತ್ತಿಲ್ಲ" ಅಂದಳು.

ಆರುವ ಮೊದಲು ಕುಡಿ ಎಂದು ಬಟ್ಟಲನ್ನು ಅವಳ ಕಡೆ ಸರಿಸಿದೆ. ಆಗ ಅವಳು ಇನ್ನೊಂದು ಪ್ರಶ್ನೆ ಹಾಕಿದಳು. "ಫಿದಾ ಹುಟ್ಟಿದಾಗಿನ ನಿಮ್ಮ ಫೋಟೊ ಉಂಟಾ ಆಂಟಿ?"

"ಉಂಟು" ಅಂದೆ. ಮತ್ತೆ "ಇಲ್ಲ" ಅಂದೆ. ಚಾದರದೊಳಗಿನದು ಲೆಕ್ಕಕ್ಕೆ ಬರುತ್ತದೋ ಇಲ್ಲವೋ ನನಗೆ ತೀರ್ಮಾನವಾಗಲಿಲ್ಲ. ಗಂಜಿಯ ಪಾತ್ರೆ ತೆಗೆದುಕೊಂಡು ಇಳಿದು ಬಂದೆ. ಉಪದೇಶ ಮಾಡಲು ಹೋಗಿ ಪೇಚಿಗೆ ಬಿದ್ದವಳ ಹಾಗೆ ಅಂದು ಸಾರಿಗೆ ಎರಡು ಸಲ ಉಪ್ಪು ಹಾಕಿದೆ.

ನಾನಾದರೂ ಯಾಕೆ ಅಡಗಿದ್ದೆ? ಮುಖ ಊದಿತ್ತೆಂದೇ? ದೃಷ್ಟಿಯಾಗುತ್ತದೆಂದೇ? ನಾಚಿಕೆಗೇ? ಅಥವಾ ನಾನೂ ಅಳುತ್ತಿದ್ದೆನೇ? ಇದ್ದಿರಬೇಕು. ಸ್ನಾನದ ಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ನಿಲ್ಲುತ್ತಿದ್ದ ನೆನಪಿದೆ, ಯಾಕೆ ನಿಲ್ಲುತ್ತಿದ್ದೆ ಎಂಬುದಿಲ್ಲ. ಹದಿನೇಳು ವರ್ಷಗಳಲ್ಲಿ ನನ್ನ ಕಾರಣಗಳೂ ಆ ಫೋಟೊಗಳ ಹಾಗೆ ಒಂದರೊಡನೊಂದು ಕಲಸಿಹೋಗಿವೆ.

ಚಿಕ್ಕವಳಿದ್ದಾಗ ಸುರತ್ಕಲ್ಲಿನ ನಮ್ಮ ಮನೆಯಲ್ಲಿ ಫೋಟೊ ಎಂದರೆ ಕೆಲಸಕ್ಕೆ ಬೇಕಾದಾಗ ತೆಗೆಸುವ ವಸ್ತು. ರೇಷನ್ ಕಾರ್ಡಿಗೆ ಎಲ್ಲರೂ ಒಟ್ಟಿಗೆ ಬೆಂಚಿನಲ್ಲಿ ಕೂತದ್ದು ನೆನಪಿದೆ. ಫೋಟೊ ತೆಗೆಯುವವನು ನನ್ನ ತಾಯಿಗೆ, ನಮ್ಮ ಉಮ್ಮನಿಗೆ, "ಸ್ವಲ್ಪ ಸೆರಗು ಹಿಂದೆ ಮಾಡಿ, ಮುಖ ಕಾಣ್ಲಿ" ಅಂದ. ಉಮ್ಮ ಸೆರಗನ್ನು ಹಿಂದೆ ಮಾಡುವ ಬದಲು ನನ್ನನ್ನು ಎತ್ತಿ ಮಡಿಲಲ್ಲಿ ಕೂರಿಸಿಕೊಂಡರು. ಕಾರ್ಡಿನಲ್ಲಿ ಉಮ್ಮ ಇರಬೇಕಾದ ಕಡೆ ನನ್ನ ಎರಡು ಜಡೆಗಳಿವೆ. ಆದ್ದರಿಂದ ಅಡಗುವ ಈ ವಿದ್ಯೆಯನ್ನು ನಾನು ಎಲ್ಲಿ ಕಲಿತೆ ಎಂದು ಕೇಳಬೇಕಾಗಿಲ್ಲ.

ಇನ್ನು ಆ ದಿನದ ಅನಾಹುತಕ್ಕೆ ಬರುತ್ತೇನೆ. ಮಂಗಳವಾರ, ಮಧ್ಯಾಹ್ನದ ಲುಹರ್ ನಮಾಜು ಮುಗಿಸಿ ಚಾದರ ಮಡಚಿಕೊಂಡು ಶಮೀನಾಳ ಮನೆಗೆ ಹೋದೆ. ಅವಳ ಗಂಡ ಡ್ಯೂಟಿಯಲ್ಲಿದ್ದ. ಕಿಟಕಿಯ ಪಕ್ಕ ಕುರ್ಚಿ ಎಳೆದು ಅವಳನ್ನು ಕೂರಿಸಿ ಚಾದರ ಹೊದಿಸಿದೆ, ಮಡಿಲಿಗೆ ಮಗುವನ್ನು ಇಟ್ಟೆ. ನನ್ನ ಗಂಟಲಿನ ಸದ್ದು ಹೊರಡಿಸಿದೆ. ಮಗು ಆಕಳಿಸಿತು. ಮತ್ತೊಮ್ಮೆ ಹೊರಡಿಸಿದೆ. ಮಗು ಕಣ್ಣು ಮುಚ್ಚಿ ಬಾಯಿ ತೆರೆಯಿತು.

"ಆಯ್ತಾ ಆಂಟಿ? ಸೆಕೆಯಾಗ್ತದೆ" ಎಂದಿತು ಚಾದರ.

"ಅಲ್ಲಾಡಬೇಡ, ಒಂದು ನಿಮಿಷ."

ಮಗುವಿನ ಕಣ್ಣಿಗಾಗಿ ಕಾಯುತ್ತಾ ಎರಡು ಹೆಜ್ಜೆ ಹಿಂದೆ ಸರಿದು ಸುಮ್ಮನೆ ಒಂದು ಫೋಟೊ ತೆಗೆದೆ. ಕುರ್ಚಿ, ಅದರ ಮೇಲೆ ಬಿಳಿಯ ದೊಡ್ಡ ಗಂಟು, ಗಂಟಿನ ನಡುವೆ ಮಗು. ನೋಡಿದರೆ ನಗು ಬರುವಂತಿತ್ತು. ಆಗ ನನ್ನ ತಲೆಗೆ ಒಂದು ಬುದ್ಧಿ ಹೊಳೆಯಿತು. ಪಾಪ ಜುಲೇಖಾಬಿ ಒಂದೇ ಸಮನೆ ಮಗಳ ಫೋಟೊ ಕೇಳುತ್ತಿದ್ದಾರೆ. ಇದನ್ನು ಕಳಿಸಿದರೆ ನಕ್ಕು ಹಗುರಾಗುತ್ತಾರೆ. ಕಳಿಸಿಯೇ ಬಿಟ್ಟೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತಲ್ಲ? ಇಲ್ಲ, ಕೆಳಗೆ ನಾಲ್ಕು ಮಾತು ಬರೆದೆ: "ಇನ್ನು ಚಿಂತೆ ಬೇಡ ಅಮ್ಮ. ನಿಮ್ಮ ಮಗಳು ಈ ಬಿಳಿ ಬಟ್ಟೆಯ ಒಳಗಿದ್ದಾಳೆ."

ಓದುಗರೇ, ನೀವೇ ಯೋಚಿಸಿ. ಒಂದು ತಿಂಗಳಿನಿಂದ ಮಗಳ ಮುಖ ಕಾಣದ ತಾಯಿ. ನಮ್ಮಲ್ಲಿ ಮನುಷ್ಯರನ್ನು ತಲೆಯಿಂದ ಪಾದದವರೆಗೆ ಬಿಳಿ ಬಟ್ಟೆಯಿಂದ ಮುಚ್ಚುವುದು ಯಾವಾಗ? ಸತ್ತಾಗ, ಮಯ್ಯತ್ತಿಗೆ ಕಫನ್ ಹೊದಿಸುವಾಗ. ಇದು ನನಗೆ ಗೊತ್ತಿಲ್ಲದ್ದೇ? ಹದಿನಾಲ್ಕು ತಾಯಂದಿರಿಗೆ ಈ ಚಾದರ ಹೊದಿಸಿದವಳು ನಾನು, ಒಂದು ದಿನವೂ ಹಾಗೆ ಕಂಡಿರಲಿಲ್ಲ.

ಎರಡು ನಿಮಿಷವಾಗಿರಬೇಕು. ಫೋನು ಹೊಡೆದುಕೊಂಡಿತು. ವೀಡಿಯೊ ಕಾಲ್. ಎತ್ತಿದರೆ ಮುಖ ಕಾಣುತ್ತಿಲ್ಲ, ಮೇಲಿನ ಹಂಚು ಕಾಣುತ್ತಿದೆ, ಕೂಗು ಮಾತ್ರ ಕೇಳುತ್ತಿದೆ.

"ಯಾವಾಗ ಆಯ್ತು? ನನ್ನ ಮಗು ಹೋದದ್ದು ಯಾವಾಗ? ಒಬ್ಬರೂ ನನಗೆ ಹೇಳ್ಲಿಲ್ವಲ್ಲಾ! ಯಾ ಅಲ್ಲಾಹ್, ನನ್ನ ಶಮೀನಾ!"

ನನಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದ ಮೇಲೆ ಫೋನನ್ನು ಬಾಯಿಗೇ ಹಿಡಿದೆ. "ಅಮ್ಮ, ಅದು ಪಾಸ್‌ಪೋರ್ಟು! ಪಾಸ್‌ಪೋರ್ಟಿಗೆ ಅಮ್ಮ!" ಎಂದು ನಾನು ಕೂಗುತ್ತಿದ್ದೆ. ಆ ಹೊತ್ತಿನಲ್ಲಿ ಆ ತಾಯಿಗೆ ಪಾಸ್‌ಪೋರ್ಟು ಏನೆಂದು ಕೇಳಿಸಿತೋ, ಅಳು ಇನ್ನೂ ಜೋರಾಯಿತು.

ಅಷ್ಟರಲ್ಲಿ ಚಾದರ ಎದ್ದು ನಿಂತಿತು. ಒಂದು ಕೈಯಲ್ಲಿ ಮಗುವನ್ನು ಎದೆಗೆ ಅವುಚಿಕೊಂಡು ಇನ್ನೊಂದು ಕೈಯಲ್ಲಿ ಬಟ್ಟೆಯನ್ನು ಕಿತ್ತೆಸೆದ ಶಮೀನಾ ನನ್ನ ಕೈಯಿಂದ ಫೋನು ಕಸಿದುಕೊಂಡಳು.

"ಅಮ್ಮೀ! ನಾನಿದ್ದೇನೆ ಅಮ್ಮಿ! ನೋಡಿ ಇಲ್ಲಿ, ಇದ್ದೇನೆ!"

ಆಚೆಯ ಕೂಗು ಥಟ್ಟನೆ ನಿಂತಿತು. ಹಂಚು ಹೋಗಿ ಜುಲೇಖಾಬಿಯ ಹಣೆ ಬಂತು, ಮತ್ತೆ ಒಂದು ಕಣ್ಣು. ಫೋನನ್ನು ಅಷ್ಟು ಹತ್ತಿರ ಹಿಡಿದಿದ್ದರು. ಆ ಒಂದು ಕಣ್ಣು ಮಗಳನ್ನು ನೋಡಿತು. ಬೆವರಿದ ಮುಖ, ಊದಿದ ರೆಪ್ಪೆ, ಚಾದರದ ಉಜ್ಜಾಟಕ್ಕೆ ಎದ್ದು ನಿಂತ ಕೂದಲು. ಕಾಡಿಗೆಯಿಲ್ಲ, ಒಳ್ಳೆಯ ದುಪಟ್ಟಾ ಇಲ್ಲ.

"ಆಚೆ ತಿರುಗು" ಅಂದರು ಜುಲೇಖಾಬಿ. ಶಮೀನಾ ತಿರುಗಿದಳು. "ಈಚೆ." ತಿರುಗಿದಳು.

"ತಲೆಗೆ ಎಣ್ಣೆ ಹಾಕ್ಲಿಲ್ವಾ?"

"ಇಲ್ಲ ಅಮ್ಮಿ."

"ದಿನಾ ಅಳ್ತೀಯಾ?"

ಶಮೀನಾ ನನ್ನ ಕಡೆ ನೋಡಿದಳು, ನೆಲ ನೋಡಿದಳು. "ಹೂಂ" ಅಂದಳು.

"ಅಳು. ನೀನು ಹುಟ್ಟಿದಾಗ ನಾನೂ ನಲವತ್ತು ದಿನ ಅತ್ತಿದ್ದೇನೆ. ಹೊಲಿಗೆ ಮಿಷನ್ನಿನ ಮೇಲೆ ತಲೆ ಇಟ್ಟು ಅತ್ತಿದ್ದೇನೆ. ಯಾಕೆ ಅಂತ ನನಗೂ ಗೊತ್ತಿರ್ಲಿಲ್ಲ. ಆದ್ರೆ ನನಗೆ ಕಾಣುವ ಹಾಗೆ ಅಳು ಮಾರಾಯ್ತಿ, ಅಡಗಿ ಅಳಬೇಡ."

ಆಮೇಲೆ ಇಬ್ಬರೂ ಅತ್ತರು. ತನ್ನನ್ನು ಯಾರೂ ಕೇಳುತ್ತಿಲ್ಲವೆಂದು ಮಗುವೂ ಅತ್ತಿತು. ನಾನು ಮೂಲೆಯಲ್ಲಿ ಚಾದರ ಮಡಚುತ್ತಾ, ತಪ್ಪು ಮಾಡಿದವಳು ಅಳಬಹುದೋ ಬಾರದೋ ತಿಳಿಯದೆ, ಅದರ ತುದಿಯಿಂದಲೇ ಕಣ್ಣು ಒರಸಿಕೊಂಡೆ. ಅಷ್ಟು ಹೊತ್ತಿನ ಮಾತಿನಲ್ಲಿ ಜುಲೇಖಾಬಿ ಮೊಮ್ಮಗನ ಬಗ್ಗೆ ಒಂದು ಮಾತೂ ಕೇಳಲಿಲ್ಲ.

ಫೋನಿಟ್ಟ ಮೇಲೆ ಶಮೀನಾ ಅದೇ ಕುರ್ಚಿಯಲ್ಲಿ ಕೂತಳು. ಮಗು ಅವಳ ಹೆಗಲಿನಲ್ಲಿ ಬಿಕ್ಕುತ್ತಿತ್ತು. ಅವಳ ಮುಖ ತೊಳೆದಿಟ್ಟ ಹಾಗಿತ್ತು. "ಈಗ ತೆಗೆಯಲಾ?" ಎಂದು ಕೇಳಿದೆ.

"ಗ್ರೂಪಿಗೆ ಬೇಡ."

"ಇಲ್ಲ. ಅಮ್ಮಿಗೆ ಒಂದು, ಇವನಿಗೆ ಒಂದು. ದೊಡ್ಡವನಾದ ಮೇಲೆ ನೋಡ್ಲಿ."

ಅವಳು ಕೂದಲು ಸರಿ ಮಾಡಿಕೊಳ್ಳಲು ಕೈ ಎತ್ತಿದಳು, ಮತ್ತೆ ಕೈ ಇಳಿಸಿದಳು. ತೆಗೆದೆ. ಮಗುವಿನ ತಲೆಯ ಹಿಂಭಾಗ ಮಾತ್ರ ಬಂದಿದೆ, ಶಮೀನಾ ಪೂರ್ತಿ ಬಂದಿದ್ದಾಳೆ. ಪಾಸ್‌ಪೋರ್ಟಿನ ಫೋಟೊ ತೆಗೆಯುವುದು ನಮಗಿಬ್ಬರಿಗೂ ಮರೆತೇಹೋಯಿತು. ಮರುದಿನ ಮತ್ತೆ ಚಾದರ ಹೊತ್ತು ಮೆಟ್ಟಿಲು ಹತ್ತಬೇಕಾಯಿತು.

ಇತ್ತ ಬುಧವಾರ ಸಂಜೆಯಾದರೂ ನನ್ನ ಮೇಜಿನ ಮೇಲೆ ಹದಿನಾಲ್ಕು ಶಿಶುಗಳು ಹಾಗೇ ಮಲಗಿದ್ದವು. ಫಿದಾ, "ಯಾವುದಾದ್ರೂ ಒಂದು ಕೊಡಿ ಮಮ್ಮಿ, ಯಾರಿಗೂ ಗೊತ್ತಾಗುದಿಲ್ಲ" ಎನ್ನುವ ಹಂತಕ್ಕೆ ಬಂದಿದ್ದಳು. ಆಗ ನೆನಪಾಯಿತು, ಒಂದು ಪ್ರತಿಯನ್ನು ಊರಿಗೆ ಹೊರಟವರೊಬ್ಬರ ಕೈಯಲ್ಲಿ ಉಮ್ಮನಿಗೆ ಕಳಿಸಿದ್ದೆನಲ್ಲ! ಸುರತ್ಕಲ್ಲಿಗೆ ಫೋನು ಮಾಡಿದೆ. ಉಮ್ಮನಿಗೆ ಕಿವಿ ಮಂದ, ಎರಡು ಸಲ ಕೂಗಿ ಹೇಳಬೇಕಾಯಿತು. "ಅದಾ? ಕಪಾಟಿನಲ್ಲುಂಟು" ಅಂದರು, ಹದಿನೇಳು ವರ್ಷದ ಹಿಂದಿನದಲ್ಲ, ಬೆಳಿಗ್ಗೆ ಇಟ್ಟದ್ದು ಎನ್ನುವ ಹಾಗೆ.

ತಮ್ಮನ ಹೆಂಡತಿ ಅದರ ಫೋಟೊ ತೆಗೆದು ಕಳಿಸಿದಳು, ಮುಂಭಾಗ ಒಂದು, ಹಿಂಭಾಗ ಒಂದು. ಮುಂಭಾಗದಲ್ಲಿ ಫಿದಾ. ನೋಡಿದ ಕೂಡಲೇ ಗೊತ್ತಾಯಿತು, ಮೇಜಿನ ಮೇಲಿನ ಒಂಬತ್ತನೆಯದು. ಬಿಳಿ ಬಟ್ಟೆಯ ಮೇಲೆ ಎಡಗಡೆ, ನನ್ನ ಕೈ ಇದ್ದಿರಬೇಕಾದಲ್ಲಿ ಬಣ್ಣ ಮಾಸಿ ಹಳದಿಯಾಗಿತ್ತು. ಅದೊಂದೇ ಜಾಗವನ್ನು ಯಾರೋ ಮತ್ತೆ ಮತ್ತೆ ಬೆರಳಿನಿಂದ ಸವರಿದ ಹಾಗೆ.

ಹಿಂಭಾಗದಲ್ಲಿ ನೀಲಿ ಬಾಲ್‌ಪೆನ್ನಿನಲ್ಲಿ ಹೆಸರು. ಉಮ್ಮ ಓದಿದ್ದು ನಾಲ್ಕನೆಯ ಕ್ಲಾಸು, ಅಕ್ಷರಗಳು ದೊಡ್ಡ ದೊಡ್ಡವು. ಇಂಕು ನಿಲ್ಲದ ಕಾಗದದ ಮೇಲೆ ಒತ್ತಿ ಒತ್ತಿ, ಅಳಿಸಿದ ಕಡೆ ಮತ್ತೆ ತಿದ್ದಿ ಬರೆದಿದ್ದರು. ಫಿದಾ ನನ್ನ ಹೆಗಲ ಮೇಲಿನಿಂದ ಬಗ್ಗಿ ಕಷ್ಟಪಟ್ಟು ಕೂಡಿಸಿ ಓದಿದಳು.

"ಮೈ... ಮೂ... ನ. ಮಮ್ಮಿ, ಇದು ನಿಮ್ಮ ಹೆಸರಲ್ವಾ? ಹಾಗಾದ್ರೆ ಈ ಬೇಬಿ ನಾನಲ್ವಾ?"

ನನಗೂ ಗೊಂದಲವಾಯಿತು. ಮತ್ತೆ ಫೋನು ಮಾಡಿದೆ. "ಉಮ್ಮಾ, ಫೋಟೊದ ಹಿಂದೆ ನನ್ನ ಹೆಸರು ಯಾಕೆ ಬರೆದದ್ದು? ಮಗುವಿನ ಹೆಸರಲ್ವಾ ಬರೆಯುವುದು?"

ಕೇಳಿಸಲಿಲ್ಲವೇನೋ ಎಂದು ಮತ್ತೆ ಕೂಗಲು ಹೊರಟೆ. ಕೇಳಿಸಿತ್ತು.

"ಮಗುವಿನ ಫೋಟೊ ಆಮೇಲೆ ನೀನು ಎಷ್ಟೋ ಕಳಿಸಿದ್ದಿ, ಮಗಳೇ. ನೀನು ಅಲ್ಲಿಗೆ ಹೋದ ಮೇಲೆ ನಿನ್ನದು ಅಂತ ನನ್ನ ಹತ್ತಿರ ಇದ್ದದ್ದು ಬಟ್ಟೆಯೊಳಗಿನ ಇದೊಂದೇ" ಅಂದರು ಉಮ್ಮ.

ಫೋನು ಕೈಯಲ್ಲೇ ಇತ್ತು. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಹೋಗಿ ಕೂತೆ. ತಲೆ ಬಾಚಿರಲಿಲ್ಲ, ಮೈಮೇಲೆ ಅಡಿಗೆಮನೆಯ ಹಳೆಯ ಮ್ಯಾಕ್ಸಿ.

"ಫಿದಾ, ಇಲ್ಲಿ ಬಾ. ಒಂದು ಫೋಟೊ ತೆಗಿ."

"ಯಾವುದರದ್ದು ಮಮ್ಮಿ?" ಎಂದು ಅವಳು ಮೇಜಿನ ಮೇಲಿನ ಶಿಶುಗಳ ಕಡೆ ನೋಡಿದಳು.

"ನನ್ನದು" ಅಂದೆ.